ರೊಟ್ಟಿಯ ಅಂಚು

ಗದಗ, ೩೦ ಫೆಬ್ರವರಿ ೨೧೮೭

ಪೂಜ್ಯ ಸಂಗಮ್ಮಜ್ಜಿಯವರಿಗೆ,

ಫೆಬ್ರವರಿಗೆ ಮೂವತ್ತನೇ ದಿನವೂ ಉಂಟೇ ಎಂದು ನಗಬೇಡಿ, ನಮ್ಮಲ್ಲಿದೆ. ನನ್ನ ಕೆಲವು ಪದಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ನಿಮ್ಮ ಮರಿಮಗನ ಮರಿಮಗಳು, ದಾಕ್ಷಾಯಿಣಿ.

ನಾವೆಲ್ಲ ಕಿವಿಯ ಹಿಂದೆ ‘ಮುನ್ನರಿಕೆ’ ಅಂಟಿಸಿಕೊಂಡಿರುತ್ತೇವೆ. ಹಣೆಯ ಬೊಟ್ಟಿನಷ್ಟು ಗಾತ್ರ. ಎದುರಿಗೆ ಯಾರೇ ಬಂದರೂ ಅವರ ಊರು, ಉದ್ಯೋಗ, ಇಷ್ಟಾನಿಷ್ಟಗಳನ್ನು ಮೆಲ್ಲಗೆ ಉಸುರುತ್ತದೆ. ಹಾಗಾಗಿ ಗಾಳಿಯಿಂದ ಓಡುವ ನಮ್ಮ ಊರಬಂಡಿಯಲ್ಲಿ ಪಕ್ಕದವರನ್ನು ಯಾರೂ ಯಾವೂರೆಂದು ವಿಚಾರಿಸುವುದಿಲ್ಲ. ಕೇಳುವುದು ಈಗ ಒರಟುತನ.

ಕಳೆದ ದೀಪಾವಳಿಗೆ ನನ್ನ ಗಂಡನ ಮೊದಲ ಮದುವೆಯ ಮಗಳು, ಹತ್ತು ವರ್ಷದ ನೀಲಾ, ನಮ್ಮ ಮನೆಗೆ ಬಂದಳು. ತಾಯಿ ತೀರಿಕೊಂಡ ಮೇಲೆ ಬಾಗಲಕೋಟೆಯ ದೊಡ್ಡಮ್ಮನ ಬಳಿ ಇದ್ದವಳು. ಯುಗಾದಿಯವರೆಗೆ ಇದ್ದು ನೋಡುತ್ತೇನೆ, ಒಗ್ಗದಿದ್ದರೆ ಮರಳುತ್ತೇನೆ ಎಂದು ಮೊದಲೇ ಹೇಳಿದ್ದಳು. ನನಗೆ ಅವಳು ಉಳಿಯಬೇಕಿತ್ತು. ಮುನ್ನರಿಕೆ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಹಳದಿ ಹೊದಿಕೆ ತಂದೆ. ರೊಟ್ಟಿಯ ಅಂಚು ಸೇರದು, ಮುರಿದು ಪಕ್ಕಕ್ಕಿಡುತ್ತಾಳೆ ಎಂದಿತು. ದಿನವೂ ಅಂಚು ಕತ್ತರಿಸಿಯೇ ಬಡಿಸಿದೆ. ಬಡಿಸಿದಷ್ಟನ್ನೂ ಅವಳು ತಿಂದಳು. ನನ್ನದು ಪ್ರೀತಿಯೋ ಬರಿಯ ಅಚ್ಚುಕಟ್ಟೋ ಎಂದು ಆಗಾಗ ನನ್ನನ್ನೇ ಕೇಳಿಕೊಂಡೆ. ಅವಳನ್ನು ಮಾತ್ರ ಏನೂ ಕೇಳಲಿಲ್ಲ.

ಹೋದ ವಾರ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಮುನ್ನರಿಕೆ ತೆಗೆದಿಟ್ಟಿದ್ದೆ. ಅದಿಲ್ಲದ ಧೈರ್ಯವೋ ಏನೋ, ಬಾಯಿಬಿಟ್ಟೆ. “ರೊಟ್ಟಿ ಅಂಚು ಯಾಕ ಸೇರೂದಿಲ್ಲ ನಿನಗ?”

ನೀಲಾ ಕಣ್ಣರಳಿಸಿದಳು. “ಸೇರೂದಿಲ್ಲ ಅಂದವ್ರ್ಯಾರು? ಕಡಕ್ ಇರ್ತೈತಿ ಅಂತ ಕಡೀಕ ತಿನ್ನಾಕ ತಗದಿಡ್ತಿದ್ದೆ. ಈ ಮನ್ಯಾಗ ರೊಟ್ಟಿಗಿ ಅಂಚ ಇರಂಗಿಲ್ಲ. ಗದಗದಾಗ ಹಿಂಗ ಬಡೀತಾರ ಅನ್ಕೊಂಡಿದ್ದೆ!”

ನಾಲ್ಕು ತಿಂಗಳ ಅಂಚು! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳ ಸರದಿ. “ಚಿಕ್ಕವ್ವ, ಇಷ್ಟ್ ದೊಡ್ಡಾಕಿ ಆದ್ರೂ ಹಲ್ಲಿಗಿ ಯಾಕ ಅಂಜ್ತಿ?” ಇದು ಮುನ್ನರಿಕೆಗೂ ಗೊತ್ತಿರದ ಸಂಗತಿ. ಅವಳೇ ನೋಡಿ ಕಂಡುಕೊಂಡಿದ್ದಳು. ನನಗೆ ಎಂಥದೋ ಸಂತೋಷವಾಯಿತು.

ನಿಮ್ಮ ಕಾಲದಲ್ಲಿ ಗುರುತಿಲ್ಲದವರನ್ನೂ ಯಾವೂರೆಂದು ಕೇಳಬಹುದಂತೆ. ದಯವಿಟ್ಟು ಆ ರೂಢಿ ಬಿಡಬೇಡಿ.

ನಿನ್ನೆ ಅವಳಿಗೆ ನಿಮ್ಮ ೨೦೨೬ರ ಫೋಟೋ ತೋರಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ತಿರುಗಿ ನಗುತ್ತಿದ್ದೀರಿ. ನಿಮ್ಮ ಹುಟ್ಟಿದ ತಾರೀಖು, ನೌಕರಿ ಎಲ್ಲ ದಾಖಲೆಯಲ್ಲಿದೆ, ನಗಿಸಿದವರು ಯಾರೆಂದಿಲ್ಲ. ನೀಲಾ ಬಹಳ ಹೊತ್ತು ನೋಡಿದಳು. “ನಮ್ಮಜ್ಜಿ ಯಾರ್ನ ನೋಡಿ ನಗಾಕತ್ತಾಳ? ಪತ್ರದಾಗ ಕೇಳು. ಉತ್ತರ ಬರೂತನಾ ನಾ ಎಲ್ಲೂ ಹೋಗಂಗಿಲ್ಲ.”

ಕೇಳಿದ್ದೇನೆ, ಅಜ್ಜಿ. ಉತ್ತರಕ್ಕೆ ಅವಸರ ಮಾಡಬೇಡಿ.

ನಿಮ್ಮ,
ದಾಕ್ಷಾಯಿಣಿ