ದಾರದ ಜೊತೆ ಬಂದ ಹಲ್ಲು

ಜುಲೈ 9, ಮಂಗಳವಾರ

ಇವತ್ತು ಅಂಗಡಿಯಲ್ಲಿ ಹೊಸ ಹಲ್ಲಿನ ಸೆಟ್ಟು ಗಿರಾಕಿಯ ಎದುರಿಗೇ ಕಳಚಿ ಬಂತು. ಅವರ ಕೋಟಿಗೆ ಗುಂಡಿ ಹೊಲಿದು ಮುಗಿಸಿದ್ದೆ. ಕತ್ತರಿ ಪಕ್ಕದಲ್ಲೇ ಇತ್ತು. ಆದರೂ ಎಂದಿನಂತೆ ದಾರವನ್ನು ಬಾಯಿಗಿಟ್ಟು ಕಚ್ಚಿ ಎಳೆದೆ. ಮುಂದಿನ ನಾಲ್ಕೂ ಹಲ್ಲು ಸೆಟ್ಟಿನ ಸಮೇತ ಕೋಟಿನ ಮೇಲೆ ಬಿದ್ದವು. ದಾರ ಮಾತ್ರ ತುಂಡಾಗಲಿಲ್ಲ.

ಪಾಪ, ಆ ಮನುಷ್ಯ ಫ್ಯಾನು ನೋಡುತ್ತಾ ನಿಂತುಬಿಟ್ಟರು.

ಮೊದಲಿನವು ದವಡೆಯ ಎಲುಬಿಗೇ ಸ್ಕ್ರೂ ಹಾಕಿ ಕೂರಿಸಿದ ಹಲ್ಲುಗಳು. ಸಾಯೋತನಕ ಇರುತ್ತವೆ ಅಂದುಕೊಂಡಿದ್ದೆ. ಒಸಡಿನಲ್ಲಿ ಕೀವಾಯಿತು, ಎಲುಬು ಸವೆಯಿತು, ಸ್ಕ್ರೂ ಅಲ್ಲಾಡಿತು. ಹೋದ ತಿಂಗಳು ಎಲ್ಲವನ್ನೂ ಕಿತ್ತು ಈ ತೆಗೆದು ಹಾಕುವ ಸೆಟ್ಟು ಕೊಟ್ಟರು. "ಇದ್ರಲ್ಲಿ ದಾರ ಗೀರ ಕಚ್ಚೋಕೆ ಹೋಗ್ಬೇಡಿ" ಅಂತ ಡಾಕ್ಟರಮ್ಮ ಹೇಳಿಯೇ ಕಳಿಸಿದ್ದರು. ಬಾಯಿಗೆ ಅದು ಕೇಳಿಸಬೇಕಲ್ಲ.

ಪಕ್ಕದ ಮಿಷನ್ನಿನಲ್ಲಿದ್ದ ಓರಗಿತ್ತಿ ಗಾಬರಿಯಾದಳು. "ಅಕ್ಕಾ, ನಕ್ಕುಬಿಡು, ಇಲ್ಲಾ ಅತ್ತುಬಿಡು. ಹೀಗೆ ಗುಮ್ಮನೆ ಕೂತ್ರೆ ನಂಗೆ ಭಯ ಆಗುತ್ತೆ" ಅಂದಳು. ಎರಡೂ ಬರಲಿಲ್ಲ. ಹಲ್ಲು ತೊಳೆದು ಹಾಕಿಕೊಂಡೆ, ಕತ್ತರಿಯಿಂದ ದಾರ ಕತ್ತರಿಸಿದೆ. ಗಿರಾಕಿ ಏನಾದರೂ ಹೇಳಬೇಕಲ್ಲ ಅಂತ ಗುಂಡಿಯನ್ನು ಒಮ್ಮೆ ಜಗ್ಗಿ ನೋಡಿ, "ಗಟ್ಟಿಯಾಗಿ ಕೂತಿದೆಯಮ್ಮಾ" ಅಂದರು.

ನೋವೇನಿಲ್ಲ. ನಾಚಿಕೆಯೂ ಇಲ್ಲ. ಬೇರೆ ಯಾರದೋ ಬಾಯಿಗೆ ಆದ ಹಾಗಿದೆ.

ಮಲಗುವ ಮುಂಚೆ ಈಗಷ್ಟೇ ದಿಂಬಿನ ಚೀಲದ ಹರುಕಿಗೆ ಎರಡು ಹೊಲಿಗೆ ಹಾಕಿದೆ. ದಾರ ಮತ್ತೆ ಬಾಯಿಗೇ ಹೋಯಿತು. ಬರಿ ಒಸಡಿಗೆ ತಾಗಿದ ಮೇಲೆ ಸೆಟ್ಟು ಬಟ್ಟಲಿನ ನೀರಿನಲ್ಲಿರುವುದು ನೆನಪಾಯಿತು. ಕತ್ತರಿ ಆಚೆ ಕೋಣೆಯಲ್ಲಿದೆ. ಎದ್ದು ಹೋಗಲು ಮನಸ್ಸಿಲ್ಲ. ಸೂಜಿ ದಿಂಬಿನಿಂದ ಹಾಗೇ ನೇತಾಡುತ್ತಿದೆ, ಬೆಳಗಾದ ಮೇಲೆ ಕತ್ತರಿಸಿದರಾಯಿತು.