ಮೈನಸ್ ಮೂರು ಕ್ವಿಂಟಲ್ ತೊಗರಿ

ಭಾಲ್ಕಿ
5 ಜನವರಿ 2025, ರವಿವಾರ

ಪ್ರೀತಿಯ ಅವಿನಾಶ ಅವರಿಗೆ,

ನಿಮ್ಮ ಆರೋಗ್ಯ ಹೇಗಿದೆ? ಬಿಲಾಸಪುರದಲ್ಲಿ ಚಳಿ ಜೋರಾಗಿದೆ ಎಂದು ಮೊನ್ನೆ ಹೇಳಿದಿರಿ. ರೈಲು ಇಂಜಿನ್ನಿನ ಕಿಟಕಿ ಗಾಳಿಗೆ ನಿಮ್ಮ ಕಿವಿ ನೋಯುತ್ತದೆ ಎಂಬುದು ನನಗೆ ಗೊತ್ತು. ಮಫ್ಲರನ್ನು ಪೆಟ್ಟಿಗೆಯಲ್ಲಿ ಮಡಚಿಡದೆ ಸುತ್ತಿಕೊಳ್ಳಿ. ಡ್ಯೂಟಿ ಇಳಿದು ತಂಗುವ ರನ್ನಿಂಗ್ ರೂಮಿನ ಊಟದ ಬಗ್ಗೆ ನೀವು ಏನೂ ಹೇಳುವುದಿಲ್ಲ, ಅಂದರೆ ಚೆನ್ನಾಗಿಲ್ಲ ಎಂದು ನಾನೇ ತಿಳಿದುಕೊಂಡಿದ್ದೇನೆ. ಎಳ್ಳಮಾವಾಸ್ಯೆಗೆ ನನ್ನ ಅವ್ವ ಎಕಂಬಾದಿಂದ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿ ಕಳಿಸಿದ್ದಳು. ಹೊಲಕ್ಕೆ ಹೋಗಲಾಗಲಿಲ್ಲ. ಹೊಲದ ಊಟವನ್ನು ಇಲ್ಲೇ ಮೇಲಿನ ಮನೆಯಲ್ಲಿ ಕುಳಿತು ಉಂಡೆವು. ಮಾವನವರು ಭಜ್ಜಿಯನ್ನು ಮತ್ತೆ ಕೇಳಿ ಹಾಕಿಸಿಕೊಂಡರು. ಅವರ ಬಿಪಿ ಹತೋಟಿಯಲ್ಲಿದೆ. ಬಲಗೈ, ಬಲಗಾಲು ಮೊದಲಿನಂತೆಯೇ ಇವೆ. ಮಾತು ಅದೇ ಒಂದು, "ಆಯ್ತು." ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು, ನೋವಾದರೂ ಆಯ್ತು. ಯಾವ ಆಯ್ತಿಗೆ ಏನು ಅರ್ಥ ಎಂದು ಧ್ವನಿಯಿಂದ ಗುರುತಿಸಲು ಈಗ ನನಗೆ ಬರುತ್ತದೆ.

ಫೋನಿದ್ದೂ ಪತ್ರ ಏಕೆ ಬರೆಯುತ್ತಿದ್ದಾಳೆ ಎಂದು ನೀವು ಗಾಬರಿಯಾಗಬೇಡಿ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಎಲ್ಲಿ ನಿಂತು ಮಾತಾಡಿದರೂ ಮಾವನವರಿಗೆ ಕೇಳುತ್ತದೆ. ಅವರ ಬಗ್ಗೆ ಅವರೆದುರಿಗೇ ಹೇಗೆ ಮಾತಾಡಲಿ? ನೀವೂ ಡ್ಯೂಟಿಯಿಂದ ಇಳಿದು ಬಂದು ಕಣ್ಣು ಮುಚ್ಚುತ್ತಾ ಹಾಂ ಹಾಂ ಎನ್ನುತ್ತೀರಿ. ಆ ಹಾಂ ಕೇಳಿದರೆ ಹೇಳಬೇಕೆಂದಿದ್ದನ್ನೆಲ್ಲ ಬಿಟ್ಟು ಫೋನ್ ಇಡುತ್ತೇನೆ. ಕಾಗದದ ಮೇಲಾದರೆ ಕೊನೆಯವರೆಗೆ ಹೇಳಬಹುದು.

ಈ ಮನೆಯ ಮೆಟ್ಟಿಲುಗಳ ಬಗ್ಗೆ ಮೊದಲು ಹೇಳುತ್ತೇನೆ. ಕೆಳಗೆ ಗೊಬ್ಬರದ ಅಂಗಡಿಗೆ ಬಾಡಿಗೆ ಕೊಟ್ಟು, ಮೇಲೆ ನಾವಿರೋಣ ಎಂದು ಮಾವನವರು ಕಾಲೇಜಿನಲ್ಲಿ ಗಣಿತದ ಮಾಸ್ತರರಾಗಿದ್ದಾಗಲೇ ಕಟ್ಟಿಸಿದ್ದು. ಹೊರಗಿನ ಆ ಕಬ್ಬಿಣದ ಮೆಟ್ಟಿಲು ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳುವಷ್ಟು ಇರುಕು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು, ಬೀದರದ ಆಸ್ಪತ್ರೆಯಿಂದ ಅವರನ್ನು ಹೊತ್ತು ಮೇಲೆ ತಂದಿರಲ್ಲ, ಅಂದಿನಿಂದ ಅವರ ಕಾಲು ಕೆಳಗಿನ ನೆಲ ಮುಟ್ಟಿಲ್ಲ. ಕಿಟಕಿಯಿಂದ ಕಾಣುವುದು ಎದುರಿನ ಮೊಬೈಲ್ ಟವರ್ ಮತ್ತು ಒಂದು ತುಂಡು ರಸ್ತೆ. ಅಷ್ಟನ್ನೇ ನೋಡುತ್ತಾ ಕೂರುತ್ತಾರೆ. ನಾನು ಕಾಯಿಪಲ್ಲೆ, ಔಷಧಿ ತರಲು ಇಳಿಯುತ್ತೇನೆ, ಓಡಿ ಹತ್ತುತ್ತೇನೆ. ಹತ್ತಿ ಬಂದು ಬಾಗಿಲು ಹಾಕಿದೊಡನೆ ಮತ್ತೆ ಇಳಿದು ಓಡೋಣ ಎನ್ನಿಸುತ್ತದೆ. ಇದನ್ನು ದೂರು ಎಂದು ಓದಬೇಡಿ. ಆದರೆ ಇದು ಸುಳ್ಳೂ ಅಲ್ಲ.

ಮದುವೆಯಾದ ವರ್ಷ ನೀವೇ ನನ್ನನ್ನು ಬೀದರಿಗೆ ಕರೆದುಕೊಂಡು ಹೋಗಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರಿಸಿದಿರಿ. ನಾನು ಕುರಿ ಕಾಯುವವರ ಮನೆಯ ಹುಡುಗಿ, ಹತ್ತನೇ ತರಗತಿಯ ನಂತರ ಗಣಿತದ ಮುಖ ನೋಡಿದವಳಲ್ಲ. ಉಳಿದ ಪತ್ರಿಕೆಗಳೆಲ್ಲ ಒಂದೊಂದಾಗಿ ಪಾಸಾದವು. ಉಳಿದದ್ದು ಗಣಿತೀಯ ವಿಧಾನಗಳ ಪತ್ರಿಕೆ ಒಂದೇ. ಡಿವೈ ಬೈ ಡಿಎಕ್ಸ್ ಎಂದು ಬೋರ್ಡಿನ ಮೇಲೆ ಬರೆದರೆ ನನಗೆ ಅದು ಯಾರದೋ ಸಹಿಯಂತೆ ಕಾಣುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಅರ್ಶಿಯಾ ಬೆಂಚಿನ ಕೆಳಗಿನಿಂದ ಉತ್ತರ ತೋರಿಸುತ್ತಿದ್ದಳು. ಉತ್ತರ ಕಾಣುತ್ತಿತ್ತು, ದಾರಿ ಕಾಣುತ್ತಿರಲಿಲ್ಲ. ಮೊದಲ ಸಲ ಅದರಲ್ಲಿ ನಪಾಸಾದೆ. ಎರಡನೇ ಸಲದ ಕಥೆ ನಿಮಗೆ ಅರ್ಧ ಮಾತ್ರ ಗೊತ್ತು.

ಹೋದ ವರ್ಷ ಪರೀಕ್ಷೆಯ ದಿನ ಪಕ್ಕದ ಮನೆಯ ಆಬೇದಾ ಅವರನ್ನು ಮಾವನವರ ಬಳಿ ಕೂರಿಸಿ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂತಿದ್ದೆ. ಬಸ್ಸು ಹೊರಡುವಾಗ ಆಬೇದಾ ಫೋನ್ ಮಾಡಿದರು. "ಸರಿತಾ, ಮಾಸ್ತರ್ ಬಿದ್ದಾರ. ನಾ ಒಬ್ಬಾಕಿ ಎತ್ತಲಾಕ ಆಗವಲ್ದು. ಜಲ್ದಿ ಬಾ." ಇಳಿಯುತ್ತೇನೆ ಎಂದೆ. ಕಂಡಕ್ಟರ್, "ಹತ್ತೂದು ಯಾಕ, ಇಳಿಯೂದು ಯಾಕ" ಎನ್ನುತ್ತಾ ಸೀಟಿ ಊದಿದ. ಮನೆಗೆ ಬಂದಾಗ ಮಾವನವರು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು, ಪಂಚೆ ಒದ್ದೆಯಾಗಿತ್ತು. ಹೆಂಗಸರನ್ನು ಹೇಗೆ ಕರೆಯುವುದು ಎಂಬ ನಾಚಿಕೆಯಿಂದ ಒಬ್ಬರೇ ಎದ್ದು ಹೋಗಲು ನೋಡಿದ್ದರು. ನನ್ನನ್ನು ಕಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಿಮಗೆ ನಾನು ಕಾಲು ಜಾರಿತು ಎಂದಷ್ಟೇ ಹೇಳಿದೆ. ನೀವು, "ಇನ್ನ ಮನಿ ಬಿಟ್ಟು ಹೋಗೂದು ಬ್ಯಾಡ. ಪರೀಕ್ಷಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದಿರಿ. ನಾನು ಹ್ಞೂಂ ಎಂದೆ. ಅಂದು ನನಗೂ ಹಾಗೇ ಅನ್ನಿಸಿತ್ತು.

ಈಗ ನಿಮಗೆ ಗೊತ್ತಿಲ್ಲದ ಮಾತು. ಆಸ್ಪತ್ರೆಯ ಡಾಕ್ಟರ್, ಅವರಿಗೆ ಎಷ್ಟು ತಿಳಿಯುತ್ತದೆ ಎಂದು ಹೇಳಲಾಗದು ಎಂದಿದ್ದರಲ್ಲ. ನಾವೂ ಹಾಗೇ ನಂಬಿ, ಅವರೆದುರಿಗೆ ಅವರನ್ನು ಮಗುವಿನಂತೆ ಮಾತಾಡಿಸುತ್ತಿದ್ದೆವು. ಗಣೇಶ ಚೌತಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವರಿಗೆ ಉಣಿಸುತ್ತಾ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದೆ. ಪರೀಕ್ಷೆಯ ಆಸೆ ಬಿಟ್ಟಿದ್ದರೂ ಕೈ ಲೆಕ್ಕವನ್ನು ಬಿಟ್ಟಿರಲಿಲ್ಲ. ಸರಾಸರಿ ವೆಚ್ಚ ಅತಿ ಕಡಿಮೆಯಾಗಲು ವ್ಯಾಪಾರಿ ಎಷ್ಟು ಕ್ವಿಂಟಲ್ ತೊಗರಿಬೇಳೆ ಮಾಡಿಸಬೇಕು ಎಂಬ ಲೆಕ್ಕ. ಕ್ಯೂ ಎಂದರೆ ಎಷ್ಟು ಕ್ವಿಂಟಲ್ ಎಂಬುದು; ಸರಾಸರಿ ವೆಚ್ಚದ ಸೂತ್ರ ಕ್ಯೂ ವರ್ಗ, ಮೈನಸ್ ಆರು ಕ್ಯೂ, ಪ್ಲಸ್ ಹದಿನೈದು. ಅದರ ಅವಕಲನ ತೆಗೆದು ಸೊನ್ನೆಗೆ ಸಮ ಮಾಡಬೇಕು. ನಾನು ಎರಡು ಕ್ಯೂ ಪ್ಲಸ್ ಆರು ಎಂದು ಬರೆದು, ಕ್ಯೂ ಅಂದರೆ ಮೈನಸ್ ಮೂರು ಎಂದು ಕೆಳಗೆ ಗೆರೆ ಎಳೆದೆ. ಮಾವನವರು ತುತ್ತು ನುಂಗದೆ ಹಾಳೆಯನ್ನೇ ನೋಡುತ್ತಿದ್ದರು. ಎಡಗೈ ಚಾಚಿ ನನ್ನ ಪೆನ್ಸಿಲ್ ಕಿತ್ತುಕೊಂಡು, ಆ ಪ್ಲಸ್ಸಿನ ನಿಂತ ಗೆರೆಯನ್ನು ಗೀಚಿ ಮೈನಸ್ ಮಾಡಿದರು. ಆಮೇಲೆ ನನ್ನ ಮೈನಸ್ ಮೂರು ಕ್ವಿಂಟಲ್ ಮೇಲೆ ಬೆರಳಿಟ್ಟು ನಕ್ಕರು. ಅನ್ನ ಬಾಯಿಂದ ಉದುರುವಂತೆ, ಭುಜ ಅಲುಗುವಂತೆ. ಅವರು ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು. ನನಗೂ ನಗು ಬಂತು. ಇಲ್ಲದ ತೊಗರಿಯನ್ನು ಯಾವ ಚೀಲದಲ್ಲಿ ತುಂಬುವುದು? ನಗು ನಿಂತ ಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆ. ಇಷ್ಟು ದಿನ ಅವರಿಗೆ ಎಲ್ಲ ತಿಳಿಯುತ್ತಿತ್ತು, ನಮ್ಮ ಮಾತೆಲ್ಲ ಕೇಳಿಸುತ್ತಿತ್ತು.

ಆ ದಿನದಿಂದ ಪ್ರತಿ ಮಧ್ಯಾಹ್ನ ಪಾಠ. ಪೇಟೆಯಿಂದ ಬರೆಯುವ ದೊಡ್ಡ ಪಾಟಿ, ಸೀಮೆಸುಣ್ಣ ತಂದೆ. ಎಡಗೈಯ ಅಂಕಿಗಳು ಸೊಟ್ಟ, ಏಳು ಒಂದರಂತೆ ಕಾಣುತ್ತದೆ, ಆದರೆ ಹೆಜ್ಜೆ ತಪ್ಪುವುದಿಲ್ಲ. ಮಾತಿಲ್ಲದೆ ಕಲಿಸುವುದು ಹೇಗೆ ಎಂದು ನೀವು ಕೇಳಬಹುದು. ಲಗ್ರಾಂಜ್ ಗುಣಕ ಎಂಬುದೊಂದಿದೆ. ಕೈಯಲ್ಲಿರುವುದು ಇಷ್ಟೇ ಎಂಬ ಕಟ್ಟು ಇದ್ದಾಗ ಅದರೊಳಗೇ ಹೆಚ್ಚಿನ ತೃಪ್ತಿ ಹೇಗೆ ಪಡೆಯುವುದು ಎಂಬ ಲೆಕ್ಕ. ಉತ್ತರ ತೆಗೆಯಲು ಕಲಿತೆ, ಆದರೆ ಆ ಗುಣಕ ಏನನ್ನು ಹೇಳುತ್ತದೆ ಎಂದು ತಿಳಿಯಲಿಲ್ಲ. ಮಾವನವರು ಪಾಟಿಯ ಮೇಲೆ ಕೈಯಲ್ಲಿರುವ ಹಣ ಎಂದಿದ್ದ ಇಪ್ಪತ್ತನ್ನು ಒರೆಸಿ ಇಪ್ಪತ್ತೊಂದು ಬರೆದು, ಮತ್ತೆ ಮಾಡು ಎಂದು ಕೈ ಆಡಿಸಿದರು. ಮಾಡಿದೆ. ಐವತ್ತಿದ್ದ ತೃಪ್ತಿ ಐವತ್ತೈದು ದಾಟಿತು. ಮೊದಲು ಬಂದಿದ್ದ ಗುಣಕ ಐದು. ಅವರು ಎರಡು ಉತ್ತರಗಳ ನಡುವೆ ಬೆರಳು ಓಡಾಡಿಸಿ ನನ್ನ ಮುಖ ನೋಡಿದರು. ಕಟ್ಟು ಒಂದಿಷ್ಟು ಸಡಿಲವಾದರೆ ಎಷ್ಟು ಸಿಗುತ್ತದೆ ಎಂಬುದು ಅದು. ಕಾಲೇಜಿನಲ್ಲಿ ಎರಡು ವರ್ಷ ತಿಳಿಯದ್ದು ಒಂದು ಅಂಕಿ ಒರೆಸಿದ್ದಕ್ಕೆ ತಿಳಿಯಿತು. ತಪ್ಪು ಮಾಡಿದರೆ ಸೀಮೆಸುಣ್ಣ ಎಸೆಯುತ್ತಾರೆ. ನಿಮಗೂ ಎಸೆಯುತ್ತಿದ್ದರು ಎಂದು ನೀವೇ ಹೇಳಿದ್ದೀರಿ. ಒಂದು ದಿನ ಪಾಟಿಯ ಮೇಲೆ ಅ ಎಂದು ಬರೆದು, ಮುಂದಿನ ಅಕ್ಷರ ಬರದೆ ಬಹಳ ಹೊತ್ತು ಕೂತು, ಕೊನೆಗೆ ಅಂಗೈಯಿಂದ ಒರೆಸಿದರು. ಅಂಕಿಗಳೆಲ್ಲ ಉಳಿದಿವೆ, ಮಗನ ಹೆಸರು ಬರುವುದಿಲ್ಲ. ನೋವಾಗುತ್ತದೆ ಎಂದು ನಿಮಗೆ ಹೇಳಿರಲಿಲ್ಲ.

ಈ ಸಲದ ಪರೀಕ್ಷೆ ಹದಿನಾರಕ್ಕೆ, ಬೀದರದಲ್ಲಿ. ಇದು ತಪ್ಪಿದರೆ ಕೋರ್ಸಿನ ಅವಧಿಯೇ ಮುಗಿಯುತ್ತದೆ, ಪಾಸಾದ ಪತ್ರಿಕೆಗಳೂ ಲೆಕ್ಕಕ್ಕೆ ಬರುವುದಿಲ್ಲ. ಹೋದ ವಾರ ಇದನ್ನು ಹೇಳಿದಾಗ ನೀವು, "ಅಪ್ಪಗ ಯಾರ್ ನೋಡ್ತಾರ? ಮತ್ತ ಬಿದ್ದರ?" ಎಂದಿರಿ. ನಿಮ್ಮ ಭಯ ಸರಿಯಾದದ್ದೇ. ನಾನು ಫೋನ್ ಇಟ್ಟು ತಿರುಗಿದರೆ ಮಾವನವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಆ ದಿನ ಪಾಠವಿಲ್ಲ. ಉಣ್ಣಲೂ ಇಲ್ಲ. ಮರುದಿನ ಪಾಟಿ ಬೇಕೆಂದು ಸನ್ನೆ ಮಾಡಿ ಅದರ ಮೇಲೆ ಹದಿನಾರು ಎಂದು ಬರೆದರು. ನನ್ನನ್ನು ತೋರಿಸಿದರು. ಆಮೇಲೆ ತಮ್ಮ ಎದೆಯನ್ನು ಮುಟ್ಟಿಕೊಂಡು, ಬಾಗಿಲಾಚೆಯ ಮೆಟ್ಟಿಲನ್ನು ತೋರಿಸಿದರು. "ನೀವೂ ಬರ್ತೀರೇನ್ರಿ ಮಾವಾ?" ಎಂದೆ. "ಆಯ್ತು" ಎಂದರು. ಅದು ಯಾವ ಆಯ್ತು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೀದರದಲ್ಲಿರುವ ಅರ್ಶಿಯಾಳಿಗೆ ಫೋನ್ ಮಾಡಿದ್ದೆ. ಅವಳ ತಾಯಿ ಮುನವ್ವರ ಬೇಗಂ ಅವಳ ಕೈಯಿಂದ ಫೋನ್ ಕಸಿದುಕೊಂಡು, "ನಮ್ಮ ಮನಿ ನೆಲದ ಮ್ಯಾಲೇ ಅದ ಬೇಟಾ, ಮೆಟ್ಟಿಲ ಇಲ್ಲ ಏನಿಲ್ಲ. ಅಂಗಳದ ಬಾಜೂ ಕೋಣಿ ಖಾಲಿ ಬಿದ್ದದ. ಮಾಸ್ತರ್ ಸಾಬರಿಗೆ ಕರಕೊಂಡು ಬಂದು ಬಿಡು" ಎಂದರು. ಅರ್ಶಿಯಾಳ ಅಣ್ಣ ರಿಜ್ವಾನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸದವನು, ನಾನು ಪರೀಕ್ಷೆಗೆ ಹೋದಾಗ ಮಾವನವರ ಹತ್ತಿರ ಇರುತ್ತಾನಂತೆ. ಗಂಡಸು, ತಿಳಿದವನು, ನಾಚಿಕೆಯ ಮಾತಿಲ್ಲ. ಆಬೇದಾ ಅವರ ಗಂಡ ಅಫ್ರೋಜ ಭಾಯಿ ತಮ್ಮ ಆಟೋದಲ್ಲಿ ಬೀದರವರೆಗೆ ಬಿಡುತ್ತೇನೆ ಎಂದಿದ್ದಾರೆ. ಮೆಟ್ಟಿಲು ಒಂದೇ ಉಳಿದದ್ದು. ಅದರ ನೆನಪಾದರೆ ನನಗೂ ಭಯವಾಗುತ್ತದೆ. ನೀವು ಒಂದು ಸಲ ಹ್ಞೂಂ ಎನ್ನಿ, ಉಳಿದ ಧೈರ್ಯ ನಾನು ತಂದುಕೊಳ್ಳುತ್ತೇನೆ.

ಮಾವನವರ ಆಶೀರ್ವಾದ ನಿಮ್ಮ ಮೇಲಿದೆ. ಅವರು ಹೇಳಲಾರರು, ಅವರ ಪರವಾಗಿ ನಾನು ಬರೆಯುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಸಿಗ್ನಲ್ ನೋಡುವ ಕಣ್ಣಿಗೆ ನಿದ್ದೆ ಕಡಿಮೆ ಮಾಡಬೇಡಿ.

ನಿಮ್ಮ,
ಸರಿತಾ

ತಾ.ಕ.: ಬೀದರ, ಜನವರಿ ಹದಿನಾರು, ಸಂಜೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವರು ಬಾಗಿಲು ಹಾಕುವ ಮೊದಲು ರಿಜ್ವಾನ ಇದನ್ನು ಒಯ್ಯಬೇಕು. ಪತ್ರ ಬರೆದ ಮರುದಿನವೇ ನೀವು ಫೋನಿನಲ್ಲಿ, ನಾನು ಬಾಯಿ ತೆಗೆಯುವ ಮೊದಲೇ, ಬೇಡ ಎಂದು ಮುಗಿಸಿಬಿಟ್ಟಿರಿ. ಆದ್ದರಿಂದ ಇದನ್ನು ಅಂಚೆಗೆ ಹಾಕಲಿಲ್ಲ, ನಿಮ್ಮ ಹ್ಞೂಂಗೂ ಕಾಯಲಿಲ್ಲ. ಸಂಕ್ರಾಂತಿಯ ಮರುದಿನ ಅಫ್ರೋಜ ಭಾಯಿ ಮತ್ತು ಗೊಬ್ಬರದ ಅಂಗಡಿಯ ಗೋರಖನಾಥ ಮಾವನವರನ್ನು ಕುರ್ಚಿಗೆ ಕಟ್ಟಿ ಕೂರಿಸಿ ಇಳಿಸಿದರು. ನಾನು ಕೆಳಗಿನಿಂದ ಹಿಂದಕ್ಕೆ ಇಳಿಯುತ್ತಾ ಅವರ ಪಾದ ಹಿಡಿದಿದ್ದೆ. ಅರ್ಧದಲ್ಲಿ ಕುರ್ಚಿ ಗೋಡೆಗೆ ತಾಗಿ ನಿಂತಿತು. ಮಾವನವರು ಎಡಗೈಯಿಂದ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ತಾವೇ ನೂಕಿಕೊಂಡರು. ಊರು ದಾಟಿದ ಮೇಲೆ ರೈಲು ಗೇಟು ಹಾಕಿತ್ತು. ಇಂಜಿನ್ ಹತ್ತಿರ ಬಂದಾಗ ಮಾವನವರು ಆಟೋದಿಂದ ಹೊರಗೆ ಕೈ ಚಾಚಿ ಬೀಸಿದರು. ಡ್ರೈವರ್ ಯಾರೋ ಏನೋ, ಅವನೂ ಕೈ ಬೀಸಿದ. ಗೇಟು ತೆರೆಯುವವರೆಗೂ ಅವರು ಕೈ ಇಳಿಸಲಿಲ್ಲ.

ಪರೀಕ್ಷೆ ಬರೆದು ಬಂದೆ. ಒಂದು ಲೆಕ್ಕ ಬಿಟ್ಟೆ, ಉಳಿದವು ಸರಿ ಎನ್ನಿಸುತ್ತದೆ. ಮಾವನವರು ಅಂಗಳದ ಬಿಸಿಲಲ್ಲಿ ಕುರ್ಚಿ ಹಾಕಿಸಿಕೊಂಡು, ನಾನು ಬಿಟ್ಟದ್ದನ್ನು ಮಾಡುತ್ತಾ ಕೂತಿದ್ದಾರೆ. ಮುನವ್ವರ ಬೇಗಂ ಚಹಾ ಆರುತ್ತಿದೆ ಎಂದು ಬೈಯುತ್ತಿದ್ದಾರೆ. ನಾವು ಆ ಮೇಲಿನ ಮನೆಗೆ ವಾಪಸ್ ಹೋಗುವುದಿಲ್ಲ, ಇಬ್ಬರೂ. ಈ ಕೋಣೆಯ ಬಾಡಿಗೆ ಮಾತನ್ನು ನೀವೇ ಬಂದು ಮುಗಿಸಿ. ರಜೆ ಸಿಕ್ಕು ರೈಲಿನ ಪಾಸು ಬರೆಸುವಾಗ ಭಾಲ್ಕಿ ಎಂದು ಬರೆಸಬೇಡಿ. ಬೀದರದಲ್ಲೇ ಇಳಿಯಿರಿ.