ತೊಂಬತ್ತೇಳನೆಯ ಪುಟ

ಬಸವಕಲ್ಯಾಣ
೮ ಜುಲೈ ೨೦೨೫, ಮಂಗಳವಾರ

ಅತ್ತೆಮನೆಯವರು ಏನೆಂದೇ ಕರೆಯಲಿ, ನನಗೆ ಎಂದೂ ಉಜ್ವಲಾ ಆಗಿಯೇ ಇರುವವಳಿಗೆ, ಅನ್ವರಿಯ ಸಲಾಮು.

ನಿನ್ನ ಪಟ್ಟಿ ಬಂತು. ‘ಓದಲೇಬೇಕಾದ ವೈಜ್ಞಾನಿಕ ಕಥೆ ಕಾದಂಬರಿಗಳು, ದಶಕವಾರು’ ಎಂದು ಮೇಲೆ ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದಿದ್ದೀ. ಗ್ರಂಥಪಾಲಕಿಯಾಗಿ ಇಷ್ಟು ವರ್ಷವಾದರೂ ಶಾಲೆಯ ಚಾಳಿ ಹೋಗಿಲ್ಲ. ಶುಕ್ರವಾರ ಇದು ಅಚ್ಚಿಗೆ ಹೋಗಿ ಹುಮನಾಬಾದಿನ ಸುತ್ತಲಿನ ಶಾಲೆಗಳಿಗೆಲ್ಲ ಹಂಚಿಕೆಯಾಗುತ್ತದೆ, ಅದಕ್ಕೆ ಮೊದಲು ಒಮ್ಮೆ ಕಣ್ಣಾಡಿಸು ಎಂದಿದ್ದೆ. ಆಡಿಸಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಧ್ಯೆ ಬಾಯಿ ಹಾಕುತ್ತೀ, ನಾನು ಹೇಳಬೇಕಾದದ್ದನ್ನು ಬಿಟ್ಟು ನಗುತ್ತೇನೆ. ಅದಕ್ಕೇ ಕಾಗದ.

ಪಟ್ಟಿ ಮಾಡುವವರು ಪುಸ್ತಕವನ್ನು ಎದುರಿನಿಂದ ನೋಡುತ್ತಾರೆ. ರದ್ದಿ ಅಂಗಡಿಯವಳಾದ ನಾನು ಬದಿಯಿಂದ ನೋಡುತ್ತೇನೆ. ಅಂಚು ಎಲ್ಲಿಯವರೆಗೆ ಕಪ್ಪಾಗಿದೆಯೋ ಅಲ್ಲಿಯವರೆಗೆ ಜನ ಓದಿದ್ದಾರೆ. ಐವತ್ತರ ದಶಕಕ್ಕೆ ನೀನು ಮೊದಲು ಹಾಕಿರುವ ಮಂಗಳಗ್ರಹದ ಕಾದಂಬರಿ ನನ್ನ ಕೈಗೆ ಏಳು ಪ್ರತಿ ಬಂದಿದೆ. ಏಳರಲ್ಲೂ ಇಪ್ಪತ್ತನೆಯ ಪುಟದಾಚೆ ಅಂಚು ಬೆಳ್ಳಗೆ. ವಿಜ್ಞಾನಿ ಅಲ್ಲಿ ಭಾಷಣ ಶುರು ಮಾಡುತ್ತಾನೆ. ತೆಗೆದುಹಾಕು. ಅರವತ್ತರಲ್ಲಿ, ಚಂದ್ರನ ಮೇಲೆ ಖಾನಾವಳಿ ಇಡುವ ವಿಧವೆಯ ಕಥೆಯನ್ನು ಮೂರರಿಂದ ಒಂದಕ್ಕೆ ತಾ. ಅದರ ಕೊನೆಯ ಪುಟದಲ್ಲೂ ಎಣ್ಣೆ ಬೆರಳಿನ ಗುರುತಿರುತ್ತದೆ; ಒಲೆಯ ಮುಂದೆ ಕೂತೂ ಬಿಟ್ಟಿಲ್ಲ ಎಂದಾಯಿತು. ಎಂಬತ್ತರಲ್ಲಿ ನಾಲ್ಕು ರೋಬೋಟ್ ತುಂಬಿದ್ದೀ. ನಾಲ್ಕೂ ಕೊನೆಗೆ ಅಳುತ್ತವೆ. ಒಂದು ಸಾಕು. ತೊಂಬತ್ತರಿಂದ ಈಚೆಗೆ ಹೆಂಗಸರು ಬರೆದದ್ದು ಎರಡೇ ಸಿಕ್ಕವೇ ನಿನಗೆ? ನನ್ನ ಕಪಾಟಿನಲ್ಲಿ ಇನ್ನೂ ಐದಿದ್ದವು, ಕಾಗದದ ಜೊತೆ ಕಳಿಸಿರುವ ಗಂಟಿನಲ್ಲಿಟ್ಟಿದ್ದೇನೆ.

ಇನ್ನು ಎಪ್ಪತ್ತರ ದಶಕ. ಅಲ್ಲಿಗೆ ಬಂದಾಗ ನನ್ನ ಚಾ ತಣ್ಣಗಾಯಿತು.

‘ಒಂದು: ಹೆಸರು ತಿಳಿಯದು, ಲೇಖಕ ತಿಳಿಯದು. ಹಸಿರು ರಟ್ಟು. ಬಸವಕಲ್ಯಾಣದಲ್ಲಿ ಪುಸ್ತಕ ಕಟ್ಟುತ್ತಿದ್ದ ಮೊಹಿನುದ್ದೀನರ ಅಂಗಡಿಯ ಪ್ರತಿ. ಇದರ ತೊಂಬತ್ತೇಳನೆಯ ಪುಟಕ್ಕಾಗಿಯಾದರೂ ಓದಲೇಬೇಕು.’

ಮೊನ್ನೆ ಫೋನಿನಲ್ಲಿ ಕೇಳಿದ್ದೆಯಲ್ಲ, “ಅನ್ವರಿ, ಮೊದಲ ಅರ್ಧದಾಗ ತಂತಿ ಕಳಸ್ತಾರ, ಆಮ್ಯಾಲ ಕಂಪ್ಯೂಟರ್ ಬರ್ತಾವ. ಅರವತ್ತಕ್ಕ ಹಾಕ್ಲೋ ಎಂಬತ್ತಕ್ಕ ಹಾಕ್ಲೋ ತಿಳೀವಲ್ದು. ನಡುವ ಎಪ್ಪತ್ತಕ್ಕ ಹಾಕೀನಿ. ಬರದಾಂವ ಭಾಳ ಮುಂದಿಂದು ಕಂಡಾನ ನೋಡು!”

ಅವನು ಏನೂ ಕಾಣಲಿಲ್ಲ, ಉಜ್ವಲಾ. ಬರೆದವರು ಇಬ್ಬರು. ಒಬ್ಬ ಅರವತ್ತರ ದಶಕದವನು, ಇನ್ನೊಬ್ಬ ಎಂಬತ್ತರ ದಶಕದವನು. ಅವರಿಬ್ಬರನ್ನು ನನ್ನ ಅಬ್ಬಾ ಒಂದೇ ದಾರದಲ್ಲಿ ಹೊಲಿದರು.

ಹೇಗೆಂದು ಹೇಳುತ್ತೇನೆ. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟ; ಅದೇ ಒಂದು ಮಡಿಕೆ. ಹಳೆಯ ಪುಸ್ತಕ ಬಿಚ್ಚಿಕೊಂಡರೆ ಎರಡು ಮಡಿಕೆಗಳ ನಡುವೆಯೇ ಬಿಚ್ಚಿಕೊಳ್ಳುತ್ತದೆ. ರದ್ದಿಯಲ್ಲಿ ಆರು ಮಡಿಕೆಯ ಮುಂಭಾಗ ಒಂದು ಸಿಕ್ಕಿತು, ಹೆಸರಿನ ಹಾಳೆ ಹರಿದಿತ್ತು, ತೊಂಬತ್ತಾರಕ್ಕೆ ನಿಂತಿತ್ತು. ಎರಡು ದಿನ ಬಿಟ್ಟು ತಲೆಯಿಲ್ಲದ ಹಿಂಭಾಗ ಒಂದು ಸಿಕ್ಕಿತು, ತೊಂಬತ್ತೇಳರಿಂದ ಶುರು. ಕಾಗದ ಅದೇ, ಅಳತೆ ಅದೇ, ಎರಡರಲ್ಲೂ ಆಕಾಶದ ಮಾತು. ಆಕಾಶದ ಮಾತು ಎಂದು ಹೇಳಿದವಳು ನಾನೇ, ಮೇಲಿನ ಎರಡು ಸಾಲು ಓದಿ. ಅಬ್ಬಾಗೆ ಕನ್ನಡ ಓದಲು ಬರುತ್ತಿರಲಿಲ್ಲ. ಉರ್ದು ಬರುತ್ತಿತ್ತು, ಅಂಕಿ ಬರುತ್ತಿತ್ತು. ಮೂವತ್ತು ವರ್ಷ ಕನ್ನಡ ಪುಸ್ತಕ ಕಟ್ಟಿ ಬಾಡಿಗೆಗೆ ಕೊಟ್ಟ ಮನುಷ್ಯನಿಗೆ ಅದು ಬರುವುದಿಲ್ಲವೆಂದು ಊರಿಗೆ ತಿಳಿಯದಂತೆ ಮನೆಯಲ್ಲಿ ಎಲ್ಲರೂ ಕಾಯ್ದುಕೊಂಡಿದ್ದೆವು. ನಿನಗೂ ಹೇಳಿರಲಿಲ್ಲ.

ಆ ಪುಸ್ತಕವನ್ನು ಮೊದಲು ಒಯ್ದವರು ಕಾಶಿರಾಮ ಮಾಸ್ತರರು. ಮೂರನೆಯ ದಿನ ವಾಪಸು ತಂದು ಕಟ್ಟೆಯ ಮೇಲೆ ಒಗೆದರು. “ಏ ಮೊಹಿನುದ್ದೀನ್, ಮಂದಾಕಿನಿ ಅಂತ ಒಬ್ಬಾಕಿ ವಿಮಾನ ಹತ್ತಿ ಹೋದಳಪಾ, ತೊಂಬತ್ತೇಳರಾಗ ನೋಡಿದ್ರ ಇಳಾ ಅಂತ ಬ್ಯಾರೆ ಒಬ್ಬಾಕಿ ಬಂದು ಚಾ ಕುಡ್ಯಾಕತ್ತಾಳ. ಮಂದಾಕಿನಿ ಎಲ್ಲಿ ಹೋದ್ಳು?”

ಅಬ್ಬಾ ಪುಸ್ತಕ ತೆರೆದು ತೋರಿಸಿದರು. “ನಂಬರ್ ಬರೋಬರ್ ಅದಾವಲ್ರಿ ಮಾಸ್ತರ್. ತೊಂಬತ್ತಾರು, ತೊಂಬತ್ತೇಳು. ಇನ್ನೇನ್ ಬೇಕ್ರಿ?”

“ನಂಬರ್ ಓದಾಕ ಒಯ್ದಿದ್ನೇನೋ ನಾ? ನೀನರ ಒಂದ್ ಸಾಲು ಓದಿ ನೋಡು!”

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅಬ್ಬಾ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಒಳಗಿನಿಂದ ಎದ್ದು ಬಂದು, “ಮಾಸ್ತರ್, ಅಲ್ಲಿ ಒಂದ್ ಹಾಳಿ ತಪ್ಪು ಸೇರ್ಯದರಿ. ಬ್ಯಾರೆ ಪ್ರತಿ ನೋಡಿ ನಕಲ್ ಮಾಡಿ ಹಚ್ಚತೀನಿ” ಎಂದೆ. ಹರಿದ, ತಪ್ಪಿದ ಪುಟಗಳನ್ನು ನಕಲು ಮಾಡಿ ಅಂಟಿಸುವುದು ನಮ್ಮಲ್ಲಿ ದಿನದ ಕೆಲಸ, ಮಾಡುವವಳು ನಾನೇ. ಯಾರಿಗೂ ಅನುಮಾನ ಬರಲಿಲ್ಲ.

ಬೇರೆ ಪ್ರತಿ ಎಲ್ಲಿಂದ ಬರಬೇಕು? ಹಿಂಭಾಗದ ಮೊದಲ ಹಾಳೆಯನ್ನು ನಾನೇ ಕಿತ್ತೆ. ಅದರ ಜಾಗದಲ್ಲಿ ಎರಡು ಮಗ್ಗುಲು ಬರೆದು ಅಂಟಿಸಿದೆ. ಮಂದಾಕಿನಿಯನ್ನು ಇಳಾ ಮಾಡಬೇಕಿತ್ತು, ಅಷ್ಟೇ ನನ್ನ ಚಿಂತೆ. ಮಂದಾಕಿನಿ ಇಳಿದ ಲೋಕದ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟೆ. ಒಳಗೆ ಹೋಗುವವರು ತಮ್ಮ ಹೆಸರನ್ನು ಅದರಲ್ಲಿ ಹಾಕಿ, ಮೊದಲು ಬಂದವರು ಬಿಟ್ಟುಹೋದ ಒಂದು ಹೆಸರನ್ನು ಎತ್ತಿಕೊಳ್ಳಬೇಕು. ಹದಿನೈದರ ವಯಸ್ಸಿಗೆ ಅದಕ್ಕಿಂತ ಸುಲಭದ ದಾರಿ ಹೊಳೆಯಲಿಲ್ಲ.

ಮಾಸ್ತರರು ಮತ್ತೆ ಓದಿ, “ಈಗ ಬರೋಬರ್ ಆತು” ಎಂದರು. ಅಬ್ಬಾ ಎಂಟು ದಿನ ಎದೆಯುಬ್ಬಿಸಿ ಓಡಾಡಿದರು. ಆಮೇಲೆ ನೀನು ಒಯ್ದೆ. ಮರುದಿನ ಚಪ್ಪಲಿಯಿಲ್ಲದೆ ಓಡಿ ಬಂದೆ: “ಅನ್ವರಿ, ಆ ಬುಟ್ಟಿ ಪುಟ ಓದಿಯೇನ? ಅದನ್ನ ಬರದವ್ರ ಕೈಗೆ ಮುತ್ತು ಕೊಡಬೇಕು!” ಅಕ್ಷರ ನನ್ನದೆಂದು ನಿನಗೆ ಗೊತ್ತಿತ್ತು, ನಕಲು ಎಂದುಕೊಂಡಿದ್ದೆ. ನಾನು ಕೈಯನ್ನು ಓಢಣಿಯ ಕೆಳಗೆ ಎಳೆದುಕೊಂಡೆ.

ಅಂದೇ ಹೇಳಿದ್ದರೆ ನಕ್ಕು ಮುಗಿಯುತ್ತಿತ್ತು. ಹೇಳಲಿಲ್ಲ. ಐದು ವರ್ಷಕ್ಕೆ ನಿನ್ನ ಮದುವೆಯಾಯಿತು. ನಿಮ್ಮಲ್ಲಿ ಸೊಸೆಗೆ ಹೊಸ ಹೆಸರಿಡುತ್ತಾರೆಂದು ಗೊತ್ತಿದ್ದರೂ, ನಿನ್ನ ಗಂಡ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ‘ವರ್ಷಾ’ ಎಂದು ಬರೆದಾಗ ನೀನು ಒಳಗೆ ಹೋಗಿ ಅತ್ತುಬಿಟ್ಟೆ. ತಿಂಗಳಾದ ಮೇಲೆ ಹುಮನಾಬಾದಿನಿಂದ ಒಂದು ಕಾರ್ಡು ಬಂತು: ‘ಬುಟ್ಟಿಯಾಗಿಂದು ಒಂದ್ ಹೆಸರು ಎತ್ತಿಕೊಂಡೀನಿ. ಯಾರ್ದೋ ಏನೋ, ಮೈಗೆ ಹತ್ತಾಕತ್ತದ. ಆ ಪುಸ್ತಕ ಓದಿರದಿದ್ರ ಹ್ಯಾಂಗ ಇರ್ತಿದ್ನೋ.’

ಆ ಕಾರ್ಡು ಓದಿದ ಮೇಲೆ ಬಾಯಿ ಪೂರಾ ಕಟ್ಟಿಹೋಯಿತು. ದೊಡ್ಡ ಲೇಖಕರೊಬ್ಬರ ಮಾತು ಎಂದು ನಂಬಿ ನೀನು ಹಿಡಿದು ನಿಂತದ್ದು, ಎದುರು ಬೆಂಚಿನಲ್ಲಿ ಕೂತು ಗಣಿತದಲ್ಲಿ ನಪಾಸಾಗುತ್ತಿದ್ದ ಅನ್ವರಿಯ ಅಂಟು ಕೆಲಸ ಎಂದು ಹೇಗೆ ಹೇಳಲಿ? ಹೇಳಿದರೆ ಅದರ ಬಲ ಹೋದೀತು ಎಂದು ನೆಪ ಹೇಳಿಕೊಂಡೆ. ನಿಜ ಹೇಳುವುದಾದರೆ, ನೀನು ಆ ಪುಟವನ್ನು ಹೊಗಳುವುದನ್ನು ಕೇಳಲು ನನಗೆ ಇಷ್ಟವಿತ್ತು. ಪ್ರತಿ ಸಲವೂ ಕೇಳಿದೆ.

ಈಗ ಇದು ಅಚ್ಚಾಗಲು ಹೊರಟಿದೆ. ನಿನ್ನ ಮಾತು ನಂಬಿ ಯಾವುದೋ ಊರಿನ ಹುಡುಗಿ ಆ ಪುಸ್ತಕ ಹುಡುಕುತ್ತಾಳೆ. ಎರಡನೆಯ ಪ್ರತಿ ಈ ಲೋಕದಲ್ಲಿಲ್ಲ. ನಗೆಪಾಟಲಾಗುವವಳು ನೀನು. ಆದ್ದರಿಂದ ಶುಕ್ರವಾರದೊಳಗೆ ಪಟ್ಟಿಯಿಂದ ಅದನ್ನು ಹೊಡೆದುಹಾಕು. ಶನಿವಾರ ಮಕ್ಕಳಿಗೆ ಓದಿ ಹೇಳುವೆನೆಂದು ನೀನು ಕೇಳಿದ್ದಕ್ಕೆ ಪುಸ್ತಕ ಕಳಿಸಿದ್ದೇನೆ. ಓದುವುದಾದರೆ ಹೊಲಿಗೆಯನ್ನೂ ತೋರಿಸಿ ಓದು. ಅಬ್ಬಾ ಈಗ ಇಲ್ಲ, ಅವರ ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ನಾನು ಜವಾಬು ಕೊಡುತ್ತೇನೆ. ಅಂದು ಕಿತ್ತ ಹಾಳೆಯೂ ರಟ್ಟಿನೊಳಗಿದೆ, ನಂಬಿಕೆ ಬಾರದಿದ್ದರೆ ನೋಡು. ಇಳಾ ನಿಜವಾಗಿಯೂ ಚಾ ಕುಡಿಯುತ್ತಿದ್ದಾಳೆ.

ನಿನಗೆ ಸಿಟ್ಟು ಬಂದರೆ ಬೈಯಿ, ಉಜ್ವಲಾ. ಫೋನು ಎತ್ತದೆ ಮಾತ್ರ ಇರಬೇಡ.

ನಿನ್ನವಳೇ,
ಅನ್ವರಿ

ತಾ.ಕ.: ಗಂಟಿನ ಅಡಿಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ನೂರಾ ಹನ್ನೆರಡು ಹಾಳೆಗಳಿವೆ. ಪಟ್ಟಿಗೆ ಹಾಕಲು ಅಲ್ಲ. ಆ ಒಂದು ಪುಟ ಬರೆದ ಮೇಲೆ ಕೈ ಸುಮ್ಮನಿರಲಿಲ್ಲ. ಎಷ್ಟೋ ಶುರು ಮಾಡಿದೆ, ಮುಗಿದದ್ದು ಇದೊಂದೇ. ಊರೆಲ್ಲರ ಪುಸ್ತಕ ಕಟ್ಟುತ್ತೇನೆ, ಇದನ್ನು ಕಟ್ಟಲು ಧೈರ್ಯ ಬರಲಿಲ್ಲ. ಓದು, ಬೇಸರ ಬಂದಲ್ಲಿ ನಿಲ್ಲಿಸು, ಎಲ್ಲಿ ನಿಲ್ಲಿಸಿದೆ ಎಂದು ಮುಲಾಜಿಲ್ಲದೆ ಹೇಳು. ಬಿಡಿ ಹಾಳೆಗಳು, ಫ್ಯಾನಿನ ಕೆಳಗೆ ಬಿಚ್ಚಬೇಡ.